ಮಾಳಿಗೆಗೆ ಬೇಕಾದ ಕೆಟ್ಟ ಮಣ್ಣು

ಬೇರೆಯವರ ಮನೆಯಲ್ಲಿ ಮಣ್ಣು ಕಾಲ ಕೆಳಗಿರುತ್ತದೆ. ನಮ್ಮ ಮನೆಯಲ್ಲಿ ತಲೆಯ ಮೇಲೂ ಇದೆ, ಒಂದೂವರೆ ಗೇಣು ದಪ್ಪ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮೂರಿನ ಹಳೇ ಓಣಿಯಲ್ಲಿ ಇಂಥ ಮಾಳಿಗೆ ಮನೆಗಳು ಇನ್ನೂ ಆರು ಉಳಿದಿವೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಮಣ್ಣು. ಮಳೆಗೂ ನಮ್ಮ ತಲೆಗೂ ನಡುವೆ ಇರುವುದು ಇಷ್ಟೇ.

ಒಂಬತ್ತನೇ ತರಗತಿಯಿಂದ ನಾನು ಸೋರಿಕೆಯ ಪಟ್ಟಿ ಇಟ್ಟುಕೊಂಡು ಬಂದಿದ್ದೇನೆ. ಯಾವ ದಿನ, ಯಾವ ಮಳೆ, ಯಾವ ಅಂಕಣ, ಕೆಳಗೆ ಯಾವ ಪಾತ್ರೆ ಇಟ್ಟೆವು. ಅಂಕಣ ಎಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ, ನಮ್ಮ ಮನೆಯಲ್ಲಿ ಒಂಬತ್ತು ಇವೆ. ಒಳ್ಳೆಯ ವರ್ಷದಲ್ಲಿ ಒಂದು ಕಡೆ ಸೋರಿದೆ, ಕೆಟ್ಟ ವರ್ಷದಲ್ಲಿ ಮೂರು. ನಾಲ್ಕು ಸೋರಿದ್ದು ಒಂದೇ ಸಲ. ಆ ನಾಲ್ಕನೆಯದು ಮಾಳಿಗೆಯ ಮೇಲೆ ಬೆಕ್ಕು ತನ್ನ ಕೆಲಸ ಮುಗಿಸಿ ಕೆರೆದ ಗುಂಡಿ. ಅದನ್ನು ಬೇರೆ ಕಾಲಮ್ಮಿನಲ್ಲಿ ಬರೆದಿದ್ದೇನೆ.

ಈ ಪಟ್ಟಿಯನ್ನು ಮನೆಯಲ್ಲಿ ಯಾರೂ ಓದುತ್ತಿರಲಿಲ್ಲ. ಈ ವರ್ಷ ಏಪ್ರಿಲ್ ೨೦ರಂದು ಅದಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು.

ನಮ್ಮ ಚಿಗಪ್ಪ ಹರಪನಹಳ್ಳಿಯಲ್ಲಿ ಗುಮಾಸ್ತ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ, ಬರುವಾಗ ಒಂದು ಹೊಸ ವಿಚಾರ ತರುತ್ತಾನೆ. ಅವನ ಮಾವನ ಮನೆ ತೆಲಿಗಿಯಲ್ಲಿದೆ, ಆರ್‌ಸಿಸಿ. ಲೋಕದ ಎಲ್ಲ ಮನೆಗಳನ್ನೂ ಅವನು ಆ ಮನೆಯ ಪಕ್ಕಕ್ಕೆ ನಿಲ್ಲಿಸಿ ನೋಡುತ್ತಾನೆ. ಆವತ್ತು ಊಟಕ್ಕೆ ಕೂತಾಗ ಜಂತಿಯ ಸಂದಿನಿಂದ ಒಂದು ಚಿಟಿಕೆ ಮಣ್ಣು ಅವನ ಸಾರಿಗೆ ಬಿತ್ತು.

"ಯವ್ವಾ, ಈ ಮನಿ ಕೆಡವೋಣು" ಅಂದ. "ಆರ್‌ಸಿಸಿ ಹಾಕಿಸಿದ್ರ ವರ್ಷಾ ವರ್ಷಾ ಮಣ್ಣು ಹೊರೋದು ತಪ್ಪತೈತಿ."

"ಮಣ್ಣು ಹೊರೋರು ನಾವು" ಅಂದಳು ಅಜ್ಜಿ. "ನೀ ಯಾವಾಗ ಹೊತ್ತಿ? ನೀ ಹೊತ್ತಿದ್ದು ಆಫೀಸಿನ ಫೈಲು."

"ತೆಲಿಗ್ಯಾಗ ನಮ್ಮ ಮಾವನ ಮನಿ ನೋಡೀಯೇನು?"

"ನೋಡೀನಿ. ಬ್ಯಾಸಿಗ್ಯಾಗ ಒಂದಿನ ಇದ್ದು ಬಂದೀನಿ. ಕಾಂಕ್ರೀಟಿನ ಕೆಳಗ ಬೇಯಾಕ ನಾನೇನು ಬದ್ನಿಕಾಯೇನಲೇ?"

ಮಾತು ಬೆಳೆಯಿತು. ಅಪ್ಪ ಇಬ್ಬರ ಮಾತಿಗೂ ಹೂಂ ಅಂದ. ಈ ಸಂಗತಿಯಲ್ಲಿ ಅವನ ಪಾಲು ಅಷ್ಟೇ, ಇನ್ನು ಅವನ ವಿಷಯ ಬರುವುದಿಲ್ಲ. ಕೊನೆಗೆ ಅಜ್ಜಿ ಕೈ ತೊಳೆದುಕೊಂಡು ತೀರ್ಪು ಕೊಟ್ಟಳು.

"ಆತು. ಈ ಮಳಿಗಾಲದಾಗ ಯಾವ್ದಾರ ಒಂದು ಮಳಿಗೆ ಮೂರು ಕಡಿಗಿಂತ ಹೆಚ್ಚು ಸೋರಿದ್ರ ಕೆಡವ್ರಿ. ಮೊದಲ ಹಾರಿ ನಾನ ಹಾಕ್ತೀನಿ. ಮೂರರೊಳಗ ಇದ್ರ ನಾ ಇರೋತನ ಆ ಮಾತು ಎತ್ತಬಾರ್ದು."

"ಲೆಕ್ಕ ಇಡೋರು ಯಾರು?" ಅಂದ ಚಿಗಪ್ಪ.

ಇಬ್ಬರೂ ನನ್ನ ಕಡೆ ನೋಡಿದರು.

ಅಜ್ಜಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದರೆ ನಮ್ಮ ಹೊಲದ ತಗ್ಗಿನ ಮೂಲೆಯಿಂದ. ಆ ಮೂಲೆಯಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಉಪ್ಪು ಚೆಲ್ಲಿದಂತೆ ಬೆಳ್ಳಗೆ ಆಗುತ್ತಿತ್ತು, ಮಳೆಯಲ್ಲಿ ಕಾಲಿಟ್ಟರೆ ಸಾಬೂನಿನ ಮೇಲೆ ಕಾಲಿಟ್ಟಂತೆ ಜಾರುತ್ತಿತ್ತು. ಅಂಥ ಮಣ್ಣಿಗೆ ನಮ್ಮಲ್ಲಿ ಕರಲು ಅನ್ನುತ್ತಾರೆ. ಬೆಳೆಗೆ ಅದು ದಂಡ. ಮಾಳಿಗೆಗೆ ಮಾತ್ರ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಓಣಿಯ ಆರೂ ಮನೆಯವರು ಆ ಮೂಲೆಯಿಂದ ಕರಲು ತಂದು ಮಾಳಿಗೆಯ ಸವೆದ ಮೇಲುಪದರ ಕೆರೆದು ನಾಲ್ಕು ಬೆರಳು ಹೊಸದಾಗಿ ಹಾಸಿ ತುಳಿಯುತ್ತಾರೆ. ಅಡಿಯ ಹಳೇ ಮಣ್ಣು ಬೇಸಿಗೆಯ ಬಿಸಿಲಿಗೆ ಬಿರಿದಿರುತ್ತದೆ, ಮಳೆ ತಡೆಯುವುದು ಈ ಹೊಸ ಪದರವೇ. ಮಣ್ಣು ಆರಿಸುವುದು ಅಜ್ಜಿ. ಚಿಟಿಕೆ ಮಣ್ಣಿಗೆ ಉಗುಳು ಹಚ್ಚಿ ಎರಡು ಬೆರಳ ನಡುವೆ ಉಜ್ಜುತ್ತಾಳೆ. ಜಾರಿದರೆ ಸರಿ. ಅನುಮಾನ ಬಂದರೆ ನಾಲಿಗೆಗೆ ಮುಟ್ಟಿಸಿ ಪಕ್ಕಕ್ಕೆ ಉಗಿಯುತ್ತಾಳೆ. ಅವಳು ಹೂಂ ಅನ್ನುವ ತನಕ ಯಾರೂ ಬುಟ್ಟಿ ಎತ್ತುವುದಿಲ್ಲ.

ಇನ್ನು ನನ್ನ ಕೆಲಸದ ವಿಷಯ. ನಾನು ಹಗರಿಬೊಮ್ಮನಹಳ್ಳಿಯ ಒಂದು ಮಣ್ಣು ಪರೀಕ್ಷೆ ಕೋಣೆಯಲ್ಲಿ ಗುತ್ತಿಗೆ ಮೇಲೆ ಇದ್ದೇನೆ. ರೈತರು ತಂದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರಲ್ಲಿ ಕಲಸಿ, ಪಿಎಚ್ ಎಂಬ ಅಂಕಿ ನೋಡಿ ಬರೆಯುತ್ತೇನೆ. ಏಳು ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಎಂಟೂವರೆ ದಾಟಿದರೆ ಬೆಳೆ ಮುಖ ತಿರುಗಿಸುತ್ತದೆ. ಒಂಬತ್ತೂವರೆ ದಾಟಿದರೆ ಹೊಲಕ್ಕಿಂತ ದೋಬಿಘಾಟಿಗೆ ಹತ್ತಿರ.

ಜನ ಇದನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಅಂತಲೇ ತಿಳಿದಿದ್ದಾರೆ. ಕಿಟಕಿಗೆ ಮುಖ ಇಟ್ಟು "ಪಾಸೋ ಫೇಲೋ?" ಅಂತ ಕೇಳುತ್ತಾರೆ. ಒಬ್ಬರು ತಮ್ಮ ಹೊಲ ನಪಾಸಾಗಿ ಮರ್ಯಾದೆ ಹೋದೀತೆಂದು ತಿಪ್ಪೆಯ ಕೆಳಗಿನ ಮಣ್ಣು ತುಂಬಿ ತಂದಿದ್ದರು. ಆ ಚೀಲದಲ್ಲಿ ಎರೆಹುಳು ಹನ್ನೊಂದು, ಒಂದು ಮುರಿದ ಬಾಚಣಿಗೆ. ಇನ್ನೊಬ್ಬರು ಕಾಲುವೆ ಕಡೆಯ ಊರಿನ ಒಬ್ಬ ಹಿರಿಯರು. ಅವರದು ೯.೯ ಬಂತು. ನಾನು ನೋಡಿದ್ದರಲ್ಲೇ ದೊಡ್ಡ ಅಂಕಿ. "ನೂರಕ್ಕ ಒಂಬತ್ತೇನವ್ವಾ?" ಅಂದರು. ನಾನು ಬಿಡಿಸಿ ಹೇಳಿದೆ. ಅವರು ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, "ನಮ್ಮಪ್ಪ, ಅವರಪ್ಪ ಉಂಡ ಹೊಲಾನ ಫೇಲ್ ಮಾಡಿದೆಲ್ಲ ತಾಯಿ" ಎಂದು ಹೋದರು. ಕಾಲುವೆ ನೀರು ನಿಂತು ನಿಂತು ಅವರ ಹೊಲದ ಉಪ್ಪು ಮೇಲೆ ಬಂದಿತ್ತು, ಅದು ಅವರಪ್ಪನ ತಪ್ಪಲ್ಲ. ಅವರ ಫೋನ್ ನಂಬರು ರಿಜಿಸ್ಟರಿನಲ್ಲಿ ಉಳಿಯಿತು.

ನನ್ನ ಬಳಿ ಎರಡು ನೋಟ್‌ಬುಕ್ ಇದ್ದವು. ಒಂದರ ಮೇಲೆ "ಮನೆ" ಅಂತ ಬರೆದಿತ್ತು, ಅದರಲ್ಲಿ ಸೋರಿಕೆ. ಇನ್ನೊಂದರ ಮೇಲೆ "ಹೊಲ", ಅದರಲ್ಲಿ ಬೆಳೆ, ಮಳೆ, ಪಿಎಚ್. ಎರಡಕ್ಕೂ ಬೇರೆ ಬೇರೆ ಬಣ್ಣದ ರಟ್ಟು ಹಾಕಿದ್ದೆ, ಬೇರೆ ಬೇರೆ ಗೂಡಿನಲ್ಲಿ ಇಡುತ್ತಿದ್ದೆ. ಇಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದಕ್ಕೇ ಕೆಟ್ಟೆ. ಹೋದ ವರ್ಷ ಜೂನ್ ೬ರ ಪುಟದಲ್ಲಿ, "ಹೊಲ" ನೋಟ್‌ಬುಕ್ಕಿನಲ್ಲಿ, ನನ್ನದೇ ಕೈಬರಹದಲ್ಲಿ ಹೀಗಿದೆ: "ತಗ್ಗಿನ ಮೂಲೆ. ಪಿಎಚ್ ೯.೭. ಹಾಳು. ಜಿಪ್ಸಂ ಎಂಟು ಚೀಲ, ತಿಪ್ಪೆಗೊಬ್ಬರ ಎರಡು ಬಂಡಿ. ಸರಿ ಮಾಡಿಯೇ ತೀರುತ್ತೇನೆ."

ಮಾಳಿಗೆಗೆ ಪ್ರತಿ ವರ್ಷ ಮಣ್ಣು ಹೋಗುವುದು ಅದೇ ಮೂಲೆಯಿಂದ ಎಂದು ನನಗೆ ಗೊತ್ತಿರಲಿಲ್ಲವೇ? ಚಿಕ್ಕವಳಿದ್ದಾಗಿನಿಂದ ಬುಟ್ಟಿ ಹೊತ್ತಿದ್ದೇನೆ. ಆದರೆ ಅದು "ಮನೆ" ನೋಟ್‌ಬುಕ್ಕಿನ ವಿಷಯ. ಹೊಲದಲ್ಲಿ ನಿಂತಾಗ ನನ್ನ ತಲೆಯಲ್ಲಿ "ಹೊಲ" ಮಾತ್ರ ತೆರೆದಿರುತ್ತಿತ್ತು.

ಆ ಮಳೆಗಾಲವಿಡೀ ಮೂಲೆಯಲ್ಲಿ ನಡೆದದ್ದು ಇಷ್ಟು. ಕರಲಿನ ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ. ಸೋಡಿಯಂ ಅಂಟಿದ ಕಣಗಳು ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರಂತೆ, ಒಂದರ ಪಕ್ಕ ಒಂದು ಕೂರುವುದಿಲ್ಲ. ನೀರು ಬಿದ್ದ ಕೂಡಲೇ ಚದುರಿ, ಸಿಕ್ಕ ಸಿಕ್ಕ ಸಂದಿನಲ್ಲಿ ಹೋಗಿ ಕೂತುಬಿಡುತ್ತವೆ. ಸಂದುಗಳೆಲ್ಲ ಮುಚ್ಚಿ ಮೇಲೆ ಎರಡು ಬೆರಳಷ್ಟು ಗಟ್ಟಿ ಪದರವಾಗುತ್ತದೆ. ಅದರ ಕೆಳಗೆ ಹನಿ ನೀರೂ ಇಳಿಯದು, ಗಾಳಿಯೂ ಹೋಗದು. ಬೇರು ಅಲ್ಲಿಗೆ ಹೋಗಿ ಉಸಿರುಕಟ್ಟಿ ಸಾಯುತ್ತದೆ. ಜಿಪ್ಸಂನಲ್ಲಿ ಕ್ಯಾಲ್ಸಿಯಂ ಇದೆ. ಸೋಡಿಯಂಗೆ ಒಂದು ಕೈ, ಕ್ಯಾಲ್ಸಿಯಂಗೆ ಎರಡು. ಅದು ಸೋಡಿಯಮ್ಮನ್ನು ಎಬ್ಬಿಸಿ ಕಳಿಸಿ, ಆ ಜಾಗದಲ್ಲಿ ತಾನು ಕೂತು, ಎರಡೂ ಕಡೆಯವರ ಕೈ ಹಿಡಿದು ರಾಜಿ ಮಾಡಿಸುತ್ತದೆ. ಕಣಗಳು ಗುಂಪು ಕೂಡಿ ಹರಳು ಹರಳಾಗುತ್ತವೆ. ಹರಳುಗಳ ನಡುವೆ ಸಂದು ಬೀಳುತ್ತದೆ. ಅಲ್ಲಿ ನೀರು ಇಳಿಯುತ್ತದೆ, ಇಳಿಯುವ ನೀರು ಎದ್ದುಹೋದ ಸೋಡಿಯಮ್ಮನ್ನೂ ಆಳಕ್ಕೆ ಕರೆದೊಯ್ಯುತ್ತದೆ. ಆಮೇಲೆ ಗೊಬ್ಬರದ ಜೊತೆ ಬಂದ ಸೂಕ್ಷ್ಮಜೀವಿಗಳ ಸಂಸಾರ ಶುರು. ಅವು ಬಿಡುವ ಅಂಟು, ಬೂಸಿನ ಎಳೆಗಳು ಆ ಹರಳುಗಳನ್ನು ಹೊಲಿದು ಗಟ್ಟಿ ಮಾಡುತ್ತವೆ.

ಜನವರಿಯಲ್ಲಿ ಅಳೆದಾಗ ೮.೪. ಆ ಅಂಕಿಯ ಸುತ್ತ ಎರಡು ಸಲ ಗೆರೆ ಎಳೆದಿದ್ದೇನೆ. ಬೆಳೆ ಬಂದ ಮೇಲೆ ಎಲ್ಲರಿಗೂ ತೋರಿಸಿ ಮೆರೆಯಬೇಕೆಂದು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಈ ವರ್ಷ ಮೇ ತಿಂಗಳ ಹೊತ್ತಿಗೆ ಅಜ್ಜಿಯ ಮೊಣಕಾಲು ಊದಿತ್ತು. ಮೇ ೧೧ರಂದು ಅವಳು ಹೊಲಕ್ಕೆ ಹೋಗಲಿಲ್ಲ. ಬುಟ್ಟಿಯಲ್ಲಿ ಹೊರುವ ಕಾಲ ಹೋಯಿತೆಂದು ಚಿಗಪ್ಪ ಟ್ರ್ಯಾಕ್ಟರ್ ಕಳಿಸಿ, ಆರೂ ಮನೆಗೆ ಆಗುವಷ್ಟು ಮಣ್ಣನ್ನು ಮೂರು ಟ್ರಿಪ್ಪಿನಲ್ಲಿ ತರಿಸಿ, ಮಧ್ಯಾಹ್ನದೊಳಗೆ ಹಾಸಿಸಿಯೂ ಬಿಟ್ಟ. ನಾನು ಕೆಲಸದಲ್ಲಿದ್ದೆ. ಸಂಜೆ ಬಸ್ಸಿಳಿದು ಬಂದಾಗ ಅಜ್ಜಿ ಅಂಗಳದ ಹೊರಸಿನ ಮೇಲೆ ಕಾಲು ಚಾಚಿ ಕೂತು, ಉಳಿದ ಮಣ್ಣಿನ ಗುಡ್ಡೆಯನ್ನು ದೂರದಿಂದ ನೋಡುತ್ತಿದ್ದಳು.

"ಬಣ್ಣ ಯಾಕೋ ಮಬ್ಬೈತಿ" ಅಂದಳು.

"ಮಣ್ಣು ಮಣ್ಣ ಯವ್ವಾ" ಅಂದ ಚಿಗಪ್ಪ. "ಬಣ್ಣ ನೋಡಾಕ ಅದಕ್ಕೇನು ಗಂಡು ಹುಡುಕ್ತೀಯೇನು?"

ನಾನು ಮೆಟ್ಟಿಲು ಹತ್ತಿ ನೋಡಿದೆ. ಮಣ್ಣಿನಲ್ಲಿ ಸಗಣಿಯ ಪುಡಿ ಕಾಣುತ್ತಿತ್ತು. ನನ್ನ ಗೊಬ್ಬರ. ಹಿಡಿ ಮಣ್ಣು ಎತ್ತಿ ಅಮುಕಿದೆ, ಹರಳು ಹರಳಾಗಿ ಉದುರಿತು. ಹೊಲದಲ್ಲಿ ಹಾಗೆ ಉದುರಿದ್ದರೆ ಕುಣಿಯುತ್ತಿದ್ದೆ. ಅಲ್ಲಿ ನಿಂತಾಗ ಎರಡು ನೋಟ್‌ಬುಕ್ಕುಗಳೂ ಮೊದಲ ಸಲ ಒಟ್ಟಿಗೆ ತೆರೆದುಕೊಂಡವು.

ಕೆಳಗಿಳಿದು ಹೇಳಬೇಕಿತ್ತು. ಹೇಳಲಿಲ್ಲ. ಆ ದಿನದ ಪುಟದಲ್ಲಿ ಇರುವುದು ಎರಡೇ ಸಾಲು: "ಮಾಳಿಗೆಗೆ ಮಣ್ಣು ಹಾಕಿದರು. ಗಟ್ಟಿಯಾಗಿ ತುಳಿದಿದ್ದಾರೆ, ನಿಂತರೂ ನಿಂತೀತು." ಎರಡನೆಯ ಸಾಲು ಶುದ್ಧ ಸುಳ್ಳು, ಬರೆಯುವಾಗಲೇ ಗೊತ್ತಿತ್ತು. ಹೀಗೆ ಹದಿನೆಂಟು ದಿನ ಸುಮ್ಮನಿದ್ದೆ.

ನಡುವೆ ಮೇ ೧೯ರಂದು ಒಂದು ತುಂತುರು ಬಿತ್ತು. ಸೋರುವಷ್ಟಲ್ಲ, ಮೊಳೆಯುವಷ್ಟು. ತಿಪ್ಪೆಗೊಬ್ಬರದಲ್ಲಿದ್ದ ಹುಲ್ಲಿನ ಬೀಜಗಳಿಗೆ ತಾವು ಈಗ ಮನೆಯ ಮೇಲಿದ್ದೇವೆ ಎಂಬುದು ಹೇಗೆ ಗೊತ್ತಾಗಬೇಕು? ಐದನೇ ದಿನಕ್ಕೆ ಓಣಿಯ ಆರೂ ಮಾಳಿಗೆಗಳು ಹಸಿರಾದವು. ಇರುವೆಗಳು ಸಾಲಾಗಿ ಮೇಲೆ ಹೋಗಿ ಗೂಡು ತೋಡಿದವು. ಎದುರುಮನೆ ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇಷ್ಟು ವರ್ಷ ಕರಲಿನಾಗ ಒಂದು ಗರಿಕಿ ಹುಟ್ಟಿದ್ದು ನೋಡಿರಲಿಲ್ಲ. ಈ ಸಲ ಮಾಳಿಗಿ ಮ್ಯಾಲ ಸಜ್ಜಿ ಬಿತ್ತೋಣೇನು?" ಅಂದಳು. ಅವಳ ಆಡು ಮೆಟ್ಟಿಲು ಹತ್ತಿ ನಮ್ಮ ಮಾಳಿಗೆಯ ಮೇಲೆ ಮೇಯತೊಡಗಿತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವಾಗ ಮೇಲೆ ಅದರ ಗೊರಸಿನ ಸದ್ದು ಕೇಳುತ್ತಿತ್ತು. ಅವ್ವ ಮೇಲೆ ನೋಡಿ, ನನ್ನ ಕಡೆ ನೋಡಿ, ರೊಟ್ಟಿ ತಿರುವುತ್ತಿದ್ದಳು.

ಮೇ ೨೯, ರೋಹಿಣಿ ಮಳೆ. ಬೆಳಿಗ್ಗೆಯೇ ಆಕಾಶ ನೋಡಿ ರಜೆ ಹಾಕಿದ್ದೆ, ಚಿಗಪ್ಪನೂ ಹಾಕಿದ್ದ. ನಾಲ್ಕು ಗಂಟೆಗೆ ಬಿತ್ತು. ಮೊದಲು ಬಂದದ್ದು ವಾಸನೆ. ಮೊದಲ ಮಳೆಯ ಮಣ್ಣಿನ ವಾಸನೆಗೆ ಕವಿಗಳು ಮೂಗೆತ್ತಿ ಏನೇನೋ ಬರೆಯುತ್ತಾರೆ, ಅದು ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ವಾಸನೆ. ಕರಲಿಗೆ ಆ ವಾಸನೆ ಇಲ್ಲವೇ ಇಲ್ಲ ಅನ್ನಬೇಕು. ಆವತ್ತು ನಮ್ಮ ತಲೆಯ ಮೇಲಿನಿಂದ ಘಮ್ಮೆಂದು ಬಂತು, ಅಪ್ಪಟ ಫಲವತ್ತಾದ ಹೊಲದ ವಾಸನೆ. ನನಗೆ ಅಳು ಬಂತು.

ನಾಲ್ಕು ಇಪ್ಪತ್ತಕ್ಕೆ ಒಂದನೆಯದು, ಪಡಸಾಲೆ. ಚರಿಗೆ ಇಟ್ಟೆವು. ನಾಲ್ಕು ಇಪ್ಪತ್ತಾರಕ್ಕೆ ಒಲೆಯ ಮೇಲೆ. ನಾಲ್ಕು ಮೂವತ್ತಕ್ಕೆ ದೇವರ ಗೂಡಿನ ಮುಂದೆ, ದೀಪ ಚುಯ್ಯೆಂದು ಆರಿತು. ಚಿಗಪ್ಪ ಪಡಸಾಲೆಯ ನಟ್ಟನಡುವೆ ಕೊಡೆ ಬಿಚ್ಚಿಕೊಂಡು ಕುರ್ಚಿ ಹಾಕಿ ಕೂತಿದ್ದ.

"ಬರಿ ಮಗಳ, ಬರಿ" ಅಂದ. "ನಾಕು. ಅಲ್ನೋಡು, ಐದು. ಟ್ರಂಕಿನ ಮ್ಯಾಲ ಆರು."

ಎಂಟನೆಯದರ ಹೊತ್ತಿಗೆ ಪಾತ್ರೆ ಮುಗಿದವು. ಒಂಬತ್ತನೆಯದಕ್ಕೆ ಮೊರ ಇಟ್ಟು ಅವ್ವನಿಂದ ಬೈಸಿಕೊಂಡೆ. ಹತ್ತನೆಯದು ಆಡು ನಿಂತ ಜಾಗದಿಂದ ಸುರಿಯಿತು, ಅದಕ್ಕೆ ರೊಟ್ಟಿ ಹಂಚು ಇಟ್ಟೆ. ಹನ್ನೊಂದನೆಯದು ನೇರ ನೋಟ್‌ಬುಕ್ಕಿನ ಮೇಲೆ ಬಿದ್ದು ಏಳು, ಎಂಟು, ಒಂಬತ್ತನ್ನು ಅಳಿಸಿತು, ತಿರುಗಿ ಬರೆದು ಅಲ್ಲಿಗೆ ಹಾಲಿನ ಮುಚ್ಚಳ ಇಟ್ಟೆ. ಅಷ್ಟರಲ್ಲಿ ಎದುರುಮನೆ ದೊಡ್ಡವ್ವ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಓಡಿ ಬಂದಳು.

"ನಿಮ್ಮ ಮನ್ಯಾಗ ಒಣಗಿದ್ ಜಾಗ ಐತೇನ್ರಿ? ನಮ್ಮದ್ರಾಗ ಹೊಸ್ತಿಲ ಒಂದ ಉಳದೈತಿ."

ಅಜ್ಜಿ ಆಗಲೇ ತನ್ನ ಹೊರಸನ್ನು ಎರಡು ಸಲ ಪಕ್ಕಕ್ಕೆ ಸರಿಸಿಕೊಂಡಿದ್ದಳು. ಈಗ ಕೇಳಿದಳು, "ಎಷ್ಟಾತು?"

"ಹನ್ನೊಂದು."

"ಹಾರಿ ಎಲ್ಲೈತಿ ನೋಡಿ ಇಡ್ರಿ. ನಾಳೆ ನಂಗ ಹಿಡ್ಕೊಂಡು ಮ್ಯಾಲ ಹತ್ತಸ್ರಿ. ಮೊದಲ ಪೆಟ್ಟು ನಾನ ಹಾಕ್ತೀನಂದೀನಿ."

ಚಿಗಪ್ಪನ ಕೊಡೆ ಸ್ವಲ್ಪ ಕೆಳಗಿಳಿಯಿತು. ಅವಳು ಬೈಯುತ್ತಾಳೆ, ಜಗಳಾಡುತ್ತಾಳೆ, ಗೆದ್ದವನಿಗೆ ಅದರಿಂದ ಒಂದಿಷ್ಟು ಖುಷಿ ಆಗುತ್ತದೆ ಎಂದು ಅವನು ಕಾದಿದ್ದ. ಅವಳು ಹಾರೆ ಕೇಳಿದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಲೆಕ್ಕ ತಪ್ಪಿದವರ ಪೆಚ್ಚು ಇತ್ತು. ಐವತ್ತು ವರ್ಷ ತನ್ನ ನಾಲಿಗೆ ಆರಿಸಿದ ಮೂಲೆಯೇ ತನಗೆ ಮೋಸ ಮಾಡಿತು ಎಂದು ಅವಳು ತಿಳಿದಂತಿತ್ತು. ನನಗೆ ಇನ್ನು ತಡೆಯಲು ಆಗಲಿಲ್ಲ.

"ಅಜ್ಜಿ, ತಪ್ಪು ನಿಂದಲ್ಲ. ಆ ಮೂಲಿನ ನಾನು ಸರಿ ಮಾಡೀನಿ."

"ಸರಿ ಮಾಡೀಯಂದ್ರ?"

"ಹೋದ ವರ್ಷ ಜಿಪ್ಸಂ ಹಾಕಿದೆ. ಗೊಬ್ಬರ ಹಾಕಿದೆ. ಈಗ ಅದು ಕರಲಲ್ಲ. ಒಳ್ಳೆ ಮಣ್ಣು."

ದೊಡ್ಡವ್ವ ಗೋಣಿಚೀಲ ತೆಗೆದು ನನ್ನ ಮುಖ ನೋಡಿದಳು. "ಒಳ್ಳೆ ಮಣ್ಣು ಅಂತ! ಹೊಲದ ಡಾಕ್ಟ್ರು ಬಂದ್ಲು ನೋಡ್ರಿ! ಆರು ಮನಿ ತೋಯಿಸಿಟ್ಟಿಯಲ್ಲಬೇ!" ಅಂದವಳೇ ಉಳಿದ ನಾಲ್ಕು ಮನೆಗೆ ಸುದ್ದಿ ಮುಟ್ಟಿಸಲು ಮಳೆಯಲ್ಲೇ ಹೋದಳು.

ಚಿಗಪ್ಪ ನಂಬಲಿಲ್ಲ. ಮುದುಕಿಯನ್ನು ಉಳಿಸಲು ಹುಡುಗಿ ಕಥೆ ಕಟ್ಟುತ್ತಿದೆ ಅಂದ. ಮರುದಿನ ಬೆಳಿಗ್ಗೆ ನಾನು ಎರಡು ಡಾಲ್ಡಾ ಡಬ್ಬಿ ತಂದೆ, ತಳಕ್ಕೆ ಮೊಳೆಯಿಂದ ಏಳೇಳು ತೂತು ಹೊಡೆದೆ. ಒಂದರಲ್ಲಿ ಮಾಳಿಗೆಯ ಅಡಿಪದರದಿಂದ ಕೆರೆದು ತೆಗೆದ ಹಳೇ ಕರಲು, ಇನ್ನೊಂದರಲ್ಲಿ ಈ ವರ್ಷದ ಮಣ್ಣು. ಎರಡನ್ನೂ ಒಂದೇ ಸಮ ಕುಟ್ಟಿ ಗಟ್ಟಿ ಮಾಡಿದೆ. ಅಂಗಳದಲ್ಲಿ ಎರಡು ಇಟ್ಟಿಗೆಯ ಮೇಲಿಟ್ಟು, ಚಿಗಪ್ಪನ ಕೈಗೇ ಚರಿಗೆ ಕೊಟ್ಟೆ. ಓಣಿಯವರೆಲ್ಲ ಸುತ್ತ ನಿಂತಿದ್ದರು, ಮುಖ್ಯವಾಗಿ ನನ್ನನ್ನು ಬೈಯಲು.

ಈ ವರ್ಷದ ಮಣ್ಣಿನ ಡಬ್ಬಿ ಒಂದೂವರೆ ನಿಮಿಷಕ್ಕೆ ಕೆಳಗೆ ತೊಟ್ಟಿಕ್ಕತೊಡಗಿತು, ಚಹಾ ಸೋಸಿದಂತೆ. ಹಳೇ ಕರಲಿನ ಡಬ್ಬಿಯಲ್ಲಿ ನೀರು ಮೇಲೆ ಕದಡಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಕೆಳಗೆ ಒಂದು ಹನಿಯೂ ಇಲ್ಲ. ಚಿಗಪ್ಪ ಡಬ್ಬಿ ಎತ್ತಿ ತಳ ನೋಡಿದ. ತೂತು ಇದ್ದವು. ಬೆರಳು ಹಾಕಿ ನೋಡಿದ. ನಿಂತ ನೀರು ಅಂಗಿಯ ಮೇಲೆ ಚೆಲ್ಲಿಕೊಂಡಿತು.

ಅಜ್ಜಿ ಹೊರಸಿನಿಂದ ಬಾಗಿ, ಹೊಸ ಮಣ್ಣನ್ನು ಚಿಟಿಕೆ ತೆಗೆದು ಉಗುಳು ಹಚ್ಚಿ ಉಜ್ಜಿದಳು. ನಾಲಿಗೆಗೆ ಮುಟ್ಟಿಸಿದಳು. ಉಗಿದಳು. "ಸಪ್ಪಗೈತಿ" ಅಂದಳು, ಉಪ್ಪು ಮರೆತ ಸೊಸೆಗೆ ಅನ್ನುವ ದನಿಯಲ್ಲಿ. ತನ್ನ ನಾಲಿಗೆ ಕೆಟ್ಟಿಲ್ಲ ಎಂಬ ಸಮಾಧಾನ ಆ ಮುಖಕ್ಕೆ ಅಲ್ಲೇ ವಾಪಸು ಬಂತು. ಆದರೂ ಹೇಳಿದಳು, "ಏನಾರ ಆಗ್ಲಿ, ಹನ್ನೊಂದು ಹನ್ನೊಂದ. ಮಾತು ಕೊಟ್ಟೀನಿ."

"ಮಣ್ಣು ಯಾರು ತರಸಿದ್ರು?" ದೊಡ್ಡವ್ವ ಕೇಳಿದಳು. "ಈ ಮುದುಕಿ ಮುಟ್ಟಿ ನೋಡ್ಲಾರ್ದ ಮಣ್ಣು ಮಾಳಿಗಿಗೆ ಹೋಗಿದ್ದು ಯಾವ ಕಾಲದಾಗ ಐತಿ? ಟ್ರ್ಯಾಕ್ಟರ್ ಸಾಹೇಬ್ರು ಒಂದು ಮಾತು ಹೇಳ್ರಿ ನೋಡೋಣು."

ಎಲ್ಲರೂ ನನ್ನನ್ನು ಬಿಟ್ಟು ಚಿಗಪ್ಪನ ಕಡೆ ತಿರುಗಿದರು. ಅವನು ಒದ್ದೆ ಅಂಗಿಯನ್ನು ಹಿಂಡಿಕೊಂಡ.

"ಆತು. ಸೊನ್ನಿಯಿಂದ ಎಣಸ್ರಿ" ಅಂದ. "ಆದ್ರ ಈ ಸಲ ಮಣ್ಣು ನಾನ ಹೊರ್ತೀನಿ, ನಾನ ತುಳೀತೀನಿ. ಆಮ್ಯಾಲ ಸೋರಿತಂದ್ರ ಯಾರೂ ನೆವ ಹೇಳಂಗಿಲ್ಲ."

ಕರಲು ಎಲ್ಲಿಂದ ತರುವುದು? ಅದನ್ನು ಹುಡುಕಿಕೊಡುವ ಹೊಣೆ ನನ್ನದು ಎಂದು ಓಣಿ ತೀರ್ಮಾನಿಸಿತು. ನಾನು ರಿಜಿಸ್ಟರ್ ತೆಗೆದು, ದೊಡ್ಡ ಅಂಕಿಯ ಹಿರಿಯರಿಗೆ ಫೋನ್ ಮಾಡಿದೆ.

"ಮತ್ತ ಫೇಲ್ ಮಾಡಾಕ ಫೋನ್ ಮಾಡೀಯೇನವ್ವಾ?"

"ಇಲ್ರಿ ಯಜ್ಜಾ. ನಿಮ್ಮ ಮಣ್ಣು ಬೇಕಿತ್ರಿ. ಆರು ಮನಿ ಮಾಳಿಗಿಗೆ."

"ಫೇಲಾದ ಮಣ್ಣು?"

"ಫೇಲಾಗಿದ್ದಕ್ಕ ಬೇಕ್ರಿ."

ಅವರು ಎಷ್ಟು ಬೇಕಾದರೂ ಒಯ್ಯಿರಿ ಅಂದರು, ಒಂದು ಕರಾರಿನ ಮೇಲೆ. ಮಣ್ಣು ಪಾಸಾಯಿತು ಎಂದು ಕಾಗದದ ಮೇಲೆ ಬರೆದುಕೊಡಬೇಕು. ಕೆಲಸದ ಕಾಗದದಲ್ಲಿ ಹಾಗೆ ಬರೆಯುವಂತಿಲ್ಲ. "ಮನೆ" ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, "ಈ ಮಣ್ಣು ಮಾಳಿಗೆಗೆ ಅತ್ಯುತ್ತಮ" ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಇಟ್ಟುಕೊಂಡರು.

ಚಿಗಪ್ಪ ಮೂರು ದಿನ ರಜೆ ಹಾಕಿದ. ಅಜ್ಜಿ ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರಿ ಮಾಳಿಗೆ ತಲುಪಿದಳು. ಇಳಿಯಲಿಕ್ಕೆ ಆಗುವುದಿಲ್ಲವೆಂದು ಊಟವನ್ನೂ ಅಲ್ಲಿಗೇ ತರಿಸಿಕೊಂಡಳು. ಮೊದಲು ನನ್ನ ಒಳ್ಳೆಯ ಮಣ್ಣನ್ನು ಕೆರೆದು ಇಳಿಸಬೇಕು, ಅದು ಹೊಲದ ಮೂಲೆಗೆ ವಾಪಸು. ಆಮೇಲೆ ಕರಲು. ಚಿಗಪ್ಪ ಮೊದಲ ದಿನ ನಲವತ್ತೊಂದು ಬುಟ್ಟಿ ಹೊತ್ತ, ಎರಡನೇ ದಿನ ಮೂವತ್ತೆಂಟು, ಮೂರನೇ ದಿನ ಐವತ್ತೆರಡು. ಪ್ರತಿ ಬುಟ್ಟಿಗೂ ಅಜ್ಜಿಯ ಟೀಕೆ ಬೇರೆ.

"ಹಂಗಲ್ಲಲೇ, ದೋಣಿ ಕಡಿಗೆ ಇಳಿಜಾರು ಮಾಡು. ನೀರು ನಿಂದರಬಾರ್ದು, ಹರದು ಹೋಗಬೇಕು. ತುಳಿ. ಹಿಮ್ಮಡೀಲೆ ತುಳಿ. ಆಫೀಸಿನಾಗ ನಡದಂಗ ನಡೀಬ್ಯಾಡ."

ದೋಣಿ ಎಂದರೆ ಮಾಳಿಗೆಯ ಅಂಚಿನಲ್ಲಿ ನೀರು ಹೊರಗೆ ಬೀಳುವ ಕಲ್ಲಿನ ಹರನಾಳ. ಅದರ ಹತ್ತಿರ ಕೂತು ಅವನು ಒಂದು ಚಿಟಿಕೆ ಮಣ್ಣಿಗೆ ಉಗುಳು ಹಚ್ಚಿ ಬೆರಳಲ್ಲಿ ಉಜ್ಜುವುದನ್ನು ಎರಡನೇ ದಿನ ನೋಡಿದೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ನಾಲಿಗೆಗೂ ಮುಟ್ಟಿಸಿದ. ಮುಖ ಕಿವುಚಿ ಉಗಿದ. ಮೂರನೇ ದಿನ ಎದುರುಮನೆಯ ಮಾಳಿಗೆಯ ಕಡೆ ನೋಡಿ, "ದೊಡ್ಡವ್ವ, ನಿಮ್ಮದು ದಿಮ್ಮಿಸಿದ್ದು ಸಾಲದು. ನಮ್ಮದು ನೋಡು ಹೆಂಗೈತಿ" ಅಂದ. "ನಮ್ಮದು" ಎಂದು ಅವನ ಬಾಯಲ್ಲಿ ಬಂದದ್ದನ್ನು ಬರೆದಿಟ್ಟಿದ್ದೇನೆ. ಸಂಜೆ ನಾಲ್ಕು ಹತ್ತು. ಅಂಗೈಯಲ್ಲಿ ಬೊಬ್ಬೆ ಐದು, ಒಡೆದದ್ದು ಎರಡು.

ಜೂನ್ ೧೨, ಮಿರಗದ ಮಳೆ, ಅಂದರೆ ಮೃಗಶಿರಾ. ಮಧ್ಯಾಹ್ನ ಮೂರೂಕಾಲಿಗೆ ಶುರುವಾಗಿ ಎರಡು ತಾಸು ಬಿಡದೆ ಹೊಡೆಯಿತು. ಎಲ್ಲರೂ ಪಡಸಾಲೆಯಲ್ಲಿ ಕೂತು ಮೇಲೆ ನೋಡುತ್ತಿದ್ದೆವು. ದೋಣಿಯಿಂದ ಕದಡಿದ ನೀರು ಅಂಗಳಕ್ಕೆ ಧೋ ಎಂದು ಬೀಳುವ ಸದ್ದು. ಒಳಗೆ ಏನೂ ಇಲ್ಲ. ಮುಕ್ಕಾಲು ಗಂಟೆಯಾದ ಮೇಲೆ ದನದ ಅಂಕಣದಲ್ಲಿ ಒಂದು. ಪಾತ್ರೆ ಇಟ್ಟು ಬರೆದೆ. ಒಲೆಯ ಮೂಲೆಯಲ್ಲಿ ಎರಡನೆಯದು, ಅದು ಪ್ರತಿ ವರ್ಷದ ಗಿರಾಕಿ. ಐದು ಗಂಟೆಯ ಹತ್ತಿರ ಟ್ರಂಕಿನ ಮೇಲೆ ಮೂರನೆಯದು. ಅಜ್ಜಿ ಬಾಯಲ್ಲಿನ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಮಳೆ ಇನ್ನೂ ನಿಂತಿರಲಿಲ್ಲ.

ಚಿಗಪ್ಪ ಎದ್ದು ಮನೆ ತುಂಬ ಓಡಾಡಿ ಒಂದೊಂದೇ ಜಂತಿ ನೋಡಿಕೊಂಡು ಬಂದ. ನಡುಕಂಬದ ಪಕ್ಕ ಬಂದವನು ನಿಂತ. ಒಂದು ಗಳಿಗೆ ಮೇಲೆ ನೋಡಿದ, ಆಮೇಲೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂತ. ಕಾಲ ಮೇಲೆ ಕಾಲು ಹಾಕಿಕೊಂಡು ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ. ಆ ಕ್ಯಾಲೆಂಡರು ಹೋದ ವರ್ಷದ್ದು.

ಅವನ ಬೋಳುತಲೆಯ ನಡುವೆ ಒಂದು ಹನಿ ಬಿತ್ತು. ಹಣೆಯಿಂದ ಇಳಿದು ಮೂಗಿನ ತುದಿಗೆ ಬಂದು ನಿಂತಿತು. ಇನ್ನೊಂದು ಬಿತ್ತು.

ನಾನು ಪೆನ್ನು ಎತ್ತಿದೆ.

"ಏನದು?" ಅಂದ, ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ.

"ಚಿಗಪ್ಪ, ನಿನ್ನ ತಲಿ ಮ್ಯಾಲ..."

"ಬೆವರು."

"ಮಳಿ ಥಂಡಿ ಐತಿ."

"ಮೂರು ದಿನ ಬುಟ್ಟಿ ಹೊತ್ತೀನಿ. ಮೈಯಾಗಿನ ಬೆವರು ಇನ್ನೂ ಮುಗದಿಲ್ಲ. ಬೆವರು ಬರಿಯಾಕ ನಿನ್ ಪಟ್ಟ್ಯಾಗ ಜಾಗ ಐತೇನು?"

ಇರಲಿಲ್ಲ. ನಾನು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ದಿನ, ಮಳೆ, ಅಂಕಣ, ಪಾತ್ರೆ. ಕೆಳಗೆ ಪಾತ್ರೆ ಇಟ್ಟರೆ ಮಾತ್ರ ಸೋರಿಕೆ, ಮೊದಲಿನಿಂದಲೂ ಅದೇ ನಿಯಮ. ಚಿಗಪ್ಪನನ್ನು ಪಾತ್ರೆ ಎಂದು ಬರೆಯಲು ನನಗೆ ಧೈರ್ಯ ಬರಲಿಲ್ಲ. "ಒಟ್ಟು ಮೂರು" ಎಂದು ಬರೆದು ಕೆಳಗೆ ಗೆರೆ ಎಳೆದು, ಗಟ್ಟಿಯಾಗಿ ಓದಿ ಹೇಳಿದೆ. ಗೆರೆಯ ಕೆಳಗೆ ಸಣ್ಣಕ್ಷರದಲ್ಲಿ, ಬೆಕ್ಕಿನ ಕಾಲಮ್ಮಿನಲ್ಲಿ, "ಬೆವರು, ಒಂದು" ಎಂದು ಸೇರಿಸಿದೆ.

ಅಜ್ಜಿ ತಿರುಗಿ ಅಗಿಯತೊಡಗಿದಳು. ಚಿಗಪ್ಪನ ತಲೆಯನ್ನೂ, ಅದರ ಮೇಲಿನ ಜಂತಿಯನ್ನೂ ಒಂದು ಸಲ ನೋಡಿದಳು. ಹೊರಸಿನ ಕೆಳಗೆ ಕೈ ಹಾಕಿ, ತನ್ನ ನೀರಿನ ಚರಿಗೆಯನ್ನು ಖಾಲಿ ಮಾಡಿ ಅವನ ಕಡೆ ಉರುಳಿಸಿದಳು.

"ತಗೊಳಲೇ" ಅಂದಳು. "ನಿನ್ನ ಬೆವರು ನೆಲಾ ತೋಯಿಸ್ತೈತಿ. ತೊಡಿ ಮ್ಯಾಲ ಇಟ್ಕೊ."